ತೂತು ಬೀಳದ ಚೆಂಡಿಗೇ ಯಾಕೆ ಅಷ್ಟು ದುಡ್ಡು? ಹಳೇ ಬೌಲಿಂಗ್ ಬಾಲ್‌ಗಳ ಲೆಕ್ಕಾಚಾರ

ಅಮೆರಿಕದ ಯಾವುದಾದರೂ ಊರಿನ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹೋಗಿ ನೋಡಿ. ಹಳೇ ಟೆನಿಸ್ ರಾಕೆಟ್, ಬಲ್ಬಿಲ್ಲದ ಟೇಬಲ್ ಲ್ಯಾಂಪ್, ಅವುಗಳ ಪಕ್ಕ ನೆಲದ ಮೇಲೆ ಒಂದೆರಡು ಬೌಲಿಂಗ್ ಬಾಲ್ ಬಿದ್ದಿರುತ್ತವೆ. ಐದೋ ಹತ್ತೋ ಡಾಲರ್. ಅಷ್ಟಕ್ಕೂ ಗಿರಾಕಿ ಇರೋದಿಲ್ಲ. ಅದೇ ಹೊತ್ತಿಗೆ ಇಂಟರ್‌ನೆಟ್ ಹರಾಜಿನಲ್ಲಿ, 1990ರ ದಶಕದಿಂದ ಡಬ್ಬದಲ್ಲೇ ಕೂತಿದ್ದ ಒಂದು ಚೆಂಡಿಗೆ ಜನ ನೂರಾರು ಡಾಲರ್ ಕೊಟ್ಟು, ಮೇಲೆ ಸಾಗಣೆ ಖರ್ಚನ್ನೂ ಹಾಕಿಕೊಂಡು ತರಿಸಿಕೊಳ್ಳುತ್ತಾರೆ. ಎರಡೂ ಒಂದೇ ಗಾತ್ರ, ತೂಕವೂ ಹೆಚ್ಚುಕಮ್ಮಿ ಅಷ್ಟೇ, ಎರಡೂ ಹಳೇ ಸರಕು. ಮತ್ತೆ ವ್ಯತ್ಯಾಸ ಎಲ್ಲಿಂದ ಬಂತು?

ಹಳೆಯದಾದಷ್ಟೂ ಬೆಲೆ ಜಾಸ್ತಿ ಅನ್ನುವ ಲೆಕ್ಕ ಇಲ್ಲಿ ನಡೆಯೋದಿಲ್ಲ. 1960ರ ಚೆಂಡು ಬಿಟ್ಟಿಗೆ ಸಿಗಬಹುದು, 1995ರ ಚೆಂಡಿಗೆ ಜನ ಕಿತ್ತಾಡಬಹುದು. ಕಾರಣ ಇಷ್ಟೇ: ಬೌಲಿಂಗ್ ಬಾಲ್ ಅನ್ನುವುದು ಬಳಸಲು ಶುರು ಮಾಡಿದ ದಿನವೇ ಹಾಳಾಗುವ ವಸ್ತು. ಹಾಳಾಗದೆ ಉಳಿದದ್ದಕ್ಕೆ ಬೆಲೆ.

ನಮ್ಮಲ್ಲಿ ಬೌಲಿಂಗ್ ಅಂದರೆ ಮೊದಲು ಕ್ರಿಕೆಟ್ಟೇ. ನಾನು ಹೇಳುತ್ತಿರುವುದು ಹತ್ತು ಪಿನ್ ಉರುಳಿಸುವ ಆಟ, ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಅಮೀಬಾದಲ್ಲೋ ಯಾವುದೋ ಮಾಲ್‌ನ ಮೇಲಂತಸ್ತಿನಲ್ಲೋ ಆಫೀಸ್ ಗೆಳೆಯರ ಜೊತೆ ನೀವು ಒಂದೆರಡು ಗೇಮ್ ಆಡಿರುತ್ತೀರಲ್ಲ, ಅದು. ಅಲ್ಲಿ ಸ್ಟ್ಯಾಂಡ್ ಮೇಲೆ ಸಾಲಾಗಿ ಇಟ್ಟಿರುವ ಬಣ್ಣಬಣ್ಣದ ಚೆಂಡುಗಳನ್ನು ಹೌಸ್ ಬಾಲ್ ಅನ್ನುತ್ತಾರೆ. ಅವು ಎಲ್ಲರ ಬೆರಳಿಗೂ ಹೇಗೋ ಹೊಂದಿಕೊಳ್ಳಲಿ ಅಂತ ದೊಡ್ಡ ತೂತು ಕೊರೆದ ಪ್ಲಾಸ್ಟಿಕ್ ಚೆಂಡುಗಳು. ಸೀರಿಯಸ್ಸಾಗಿ ಆಡುವವರು ಅವುಗಳನ್ನು ಮುಟ್ಟುವುದಿಲ್ಲ. ಅವರು ತಮ್ಮದೇ ಚೆಂಡು ಕೊಳ್ಳುತ್ತಾರೆ. ಕಥೆ ಶುರುವಾಗುವುದು ಅಲ್ಲಿಂದ.

ಕಂಪನಿಯಿಂದ ಬರುವ ಚೆಂಡಿನಲ್ಲಿ ತೂತೇ ಇರೋದಿಲ್ಲ. ಅದನ್ನು ತೆಗೆದುಕೊಂಡು ಪ್ರೊ ಶಾಪ್‌ಗೆ, ಅಂದರೆ ಬೌಲಿಂಗ್ ಸಾಮಾನಿನ ಅಂಗಡಿಗೆ ಹೋಗಬೇಕು. ಅಲ್ಲಿರುವಾತ ನಿಮ್ಮ ಹೆಬ್ಬೆರಳು, ಮಧ್ಯದ ಬೆರಳು, ಉಂಗುರ ಬೆರಳಿನ ದಪ್ಪ ಅಳೆಯುತ್ತಾನೆ, ಒಂದರಿಂದ ಇನ್ನೊಂದಕ್ಕೆ ಇರುವ ದೂರ ಅಳೆಯುತ್ತಾನೆ, ಬೆರಳು ಯಾವ ಕೋನದಲ್ಲಿ ಒಳಗೆ ಹೋಗಬೇಕು ಅಂತ ನೋಡುತ್ತಾನೆ, ಆಮೇಲೆ ಡ್ರಿಲ್ ಹಾಕುತ್ತಾನೆ. ಅಲ್ಲಿಗೆ ಆ ಚೆಂಡು ನಿಮ್ಮದು, ಬೇರೆ ಯಾರದೂ ಅಲ್ಲ. ಇನ್ನೊಬ್ಬರ ಅಳತೆಗೆ ಹೊಲಿಸಿದ ಬ್ಲೌಸ್ ತಂದು ಏನು ಮಾಡುತ್ತೀರಿ, ಅದೇ ಪಾಡು. ತೂತುಗಳನ್ನು ರಾಳ ಸುರಿದು ಮುಚ್ಚಿ ಮತ್ತೆ ಕೊರೆಯಬಹುದು, ಅದನ್ನು ಪ್ಲಗ್ ಮಾಡೋದು ಅನ್ನುತ್ತಾರೆ. ಆಡುವುದಕ್ಕೆ ಅಡ್ಡಿಯಿಲ್ಲ. ಆದರೆ ಮುಚ್ಚಿದ ಗುರುತು ಉಳಿಯುತ್ತದೆ, ಸಂಗ್ರಹಕಾರನ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ.

ಒಂದು ಕಂಪನಿ ಒಂದು ಮಾಡೆಲ್‌ನಲ್ಲಿ ಸಾವಿರಾರು ಚೆಂಡು ಮಾಡಿತು ಅಂದುಕೊಳ್ಳಿ. ಹೆಚ್ಚುಕಮ್ಮಿ ಅಷ್ಟೂ ಮಾರಾಟವಾದ ಕೆಲವೇ ದಿನದಲ್ಲಿ ಡ್ರಿಲ್ ಕೆಳಗೆ ಹೋಗುತ್ತವೆ. ಚೆಂಡು ಕೊಳ್ಳುವುದೇ ಆಡಲಿಕ್ಕೆ, ಶೋಕೇಸಿನಲ್ಲಿ ಇಡಲಿಕ್ಕೆ ಅಲ್ಲವಲ್ಲ. ಹಾಗಾಗಿ ತೂತಿಲ್ಲದೆ ಉಳಿಯುವುದು ಆಕಸ್ಮಿಕವಾಗಿ. ಪ್ರೊ ಶಾಪ್ ಬಾಗಿಲು ಹಾಕಿದಾಗ ಗೋದಾಮಿನ ಮೂಲೆಯಲ್ಲಿ ಮಿಕ್ಕಿದ್ದು, ಬೆನ್ನುನೋವು ಅಂತ ಆಟ ಬಿಟ್ಟವನ ಅಟ್ಟದಲ್ಲಿ ಕೂತಿದ್ದು, ಯಾರೋ ಉಡುಗೊರೆ ಕೊಟ್ಟಿದ್ದನ್ನು ತೆರೆಯದೇ ಇಟ್ಟಿದ್ದು. ಇಂಥ ಚೆಂಡು, ಜೊತೆಗೆ ಅದರ ಒರಿಜಿನಲ್ ಡಬ್ಬ ಇದ್ದರೆ ಸಂಗ್ರಹಕಾರರು ಎದ್ದು ಕೂರುತ್ತಾರೆ.

ಆದರೆ ತೂತಿಲ್ಲದ ಎಲ್ಲ ಚೆಂಡಿಗೂ ಬೆಲೆ ಬರೋದಿಲ್ಲ. ಯಾವ ಚೆಂಡು ಅನ್ನುವುದೂ ಮುಖ್ಯ. ಅದು ಗೊತ್ತಾಗಬೇಕಾದರೆ ಚೆಂಡನ್ನು ಯಾತರಿಂದ ಮಾಡುತ್ತಿದ್ದರು ಅನ್ನುವುದು ಸ್ವಲ್ಪ ಗೊತ್ತಿರಬೇಕು.

ಮೊದಲು ಮರ. ಲಿಗ್ನಮ್ ವೈಟೀ ಅನ್ನುವ, ನೀರಿಗೆ ಹಾಕಿದರೆ ಮುಳುಗಿಹೋಗುವಷ್ಟು ಭಾರದ ಮರ. ಹಡಗಿನ ಪ್ರೊಪೆಲರ್ ಶಾಫ್ಟ್‌ಗೆ ಬೇರಿಂಗ್ ಮಾಡಲೂ ಇದೇ ಮರ ಬಳಸುತ್ತಿದ್ದರು. ಆಗ ಚೆಂಡಿಗೆ ಎರಡೇ ತೂತು, ಹೆಬ್ಬೆರಳಿಗೊಂದು, ಮಧ್ಯದ ಬೆರಳಿಗೊಂದು. ಆದರೆ ಮರ ಒಣಗಿ ಸೀಳುತ್ತದೆ, ಅಂಚು ಚಕ್ಕೆ ಏಳುತ್ತದೆ. ಅದಕ್ಕೇ ಒಳ್ಳೆ ಸ್ಥಿತಿಯಲ್ಲಿರುವ ಮರದ ಚೆಂಡು ಅಪರೂಪ. ಮೇಲಾಗಿ ಈ ಮರ ಈಗ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಇರುವ ಸೈಟಿಸ್ ಪಟ್ಟಿಯಲ್ಲಿದೆ. ಅಂಥ ಮರದ ಹೊಸ ಚೆಂಡು ಯಾರೂ ಮಾಡುತ್ತಿಲ್ಲ.

1905ರಲ್ಲಿ ಎವರ್‌ಟ್ರೂ ಅನ್ನುವ ರಬ್ಬರ್ ಚೆಂಡು ಬಂತು. 1914ರಲ್ಲಿ ಬ್ರನ್ಸ್‌ವಿಕ್ ಕಂಪನಿ ಮಿನರಲೈಟ್ ತಂತು. ರಬ್ಬರ್ ಅಂದಾಕ್ಷಣ ಪುಟಿಯುವ ರಬ್ಬರ್ ಅಂದುಕೊಳ್ಳಬೇಡಿ. ಇದು ಗಂಧಕ ಜಾಸ್ತಿ ಹಾಕಿ ಬೇಯಿಸಿದ ಗಟ್ಟಿ ರಬ್ಬರ್, ಅಂದರೆ ಎಬೊನೈಟ್. ಸೈನ್ಸ್ ಓದಿದವರಿಗೆ ನೆನಪಿರಬಹುದು, ಸ್ಥಿರ ವಿದ್ಯುತ್ ತೋರಿಸಲು ಉಣ್ಣೆ ಬಟ್ಟೆಗೆ ಉಜ್ಜುವ ಕಪ್ಪು ಕಡ್ಡಿ. ಅದೇ ಪದಾರ್ಥ. ಅದೇ ಹೆಸರಿನ ಒಂದು ದೊಡ್ಡ ಬೌಲಿಂಗ್ ಬಾಲ್ ಕಂಪನಿಯೂ ಇತ್ತು. ಈ ರಬ್ಬರಿಗೆ ಬೆಳಕು ಶತ್ರು. ವರ್ಷಗಟ್ಟಲೆ ಬಿಸಿಲು ಬಿದ್ದರೆ ಕಪ್ಪು ಬಣ್ಣ ಮಾಸಿ ಕಂದು, ಕೆಲವೊಮ್ಮೆ ಪಾಚಿ ಹಸಿರಿಗೆ ತಿರುಗುತ್ತದೆ, ಒಂಥರಾ ಗಂಧಕದ ವಾಸನೆಯೂ ಬರುತ್ತದೆ. ಮಿರಮಿರ ಮಿಂಚುವ ಕಪ್ಪು ರಬ್ಬರ್ ಚೆಂಡು ಸಿಕ್ಕಿದರೆ ಅದು ದಶಕಗಟ್ಟಲೆ ಚೀಲದೊಳಗೆ ಕತ್ತಲಲ್ಲಿ ಇತ್ತು ಅಂತಲೇ ಅರ್ಥ.

ಬಣ್ಣ ಬಂದದ್ದರ ಹಿಂದೆ ವ್ಯಾಪಾರದ ಕಥೆ ಇದೆ. ಹಿಂದೆ ಬಿದ್ದ ಪಿನ್‌ಗಳನ್ನು ಎತ್ತಿ ನಿಲ್ಲಿಸಲು ಹುಡುಗರು ಇರುತ್ತಿದ್ದರು. 1952ರ ಹೊತ್ತಿಗೆ ಎಎಂಎಫ್ ಕಂಪನಿಯ ಯಂತ್ರ ಬಂದು ಆ ಕೆಲಸ ಮಾಡತೊಡಗಿತು, ಬೌಲಿಂಗ್ ಕೇಂದ್ರಗಳು ಊರೂರಲ್ಲೂ ಎದ್ದವು. ಬೀರ್ ಕುಡಿಯುವ ಗಂಡಸರ ಅಡ್ಡೆ ಅನ್ನಿಸಿಕೊಂಡಿದ್ದ ಜಾಗಕ್ಕೆ ಹೆಂಗಸರು, ಮಕ್ಕಳು, ಇಡೀ ಕುಟುಂಬ ಬರತೊಡಗಿತು. ಬರೀ ಕಪ್ಪು ಚೆಂಡು ಯಾರಿಗೆ ಬೇಕು? ನೀಲಿಗೆ ಬಿಳಿ ಸುಳಿ, ಕೆಂಪಿಗೆ ಕಪ್ಪು ಚುಕ್ಕೆ, ಅಮೃತಶಿಲೆಯಂತೆ ಬಣ್ಣ ಬೆರೆತ ಚೆಂಡುಗಳು ಬಂದವು. ಎರಡು ಚೆಂಡಿನ ಸುಳಿ ಒಂದೇ ಥರ ಇರೋದಿಲ್ಲ, ಬಣ್ಣ ಅಚ್ಚಿನೊಳಗೆ ಹೇಗೆ ಹರಿಯಿತೋ ಹಾಗೆ. ಈ ಕಾಲದ ಚೆಂಡುಗಳನ್ನು ಕೊಳ್ಳುವವರಲ್ಲಿ ಬಹಳ ಜನ ಬೌಲರ್‌ಗಳೇ ಅಲ್ಲ. 1950-60ರ ದಶಕದ ಪೀಠೋಪಕರಣ, ಗಡಿಯಾರ, ರೇಡಿಯೋ ಸಂಗ್ರಹಿಸುವವರು. ಅವರಿಗೆ ತೂತು ಇದ್ದರೂ ಪರವಾಗಿಲ್ಲ. ಬಣ್ಣ ಚೆನ್ನಾಗಿರಬೇಕು, ಲೋಗೋ ಸ್ಪಷ್ಟವಾಗಿರಬೇಕು, ಆ ಕಾಲದ ಚೀಲ ಜೊತೆಗಿದ್ದರೆ ಇನ್ನೂ ಸಂತೋಷ.

ಆಟಗಾರರ ಹೆಸರು ಕೆತ್ತಿದ ಚೆಂಡುಗಳೂ ಆಗಲೇ ಬಂದದ್ದು. ಡಾನ್ ಕಾರ್ಟರ್ 1964ರಲ್ಲಿ ಎಬೊನೈಟ್ ಕಂಪನಿ ಜೊತೆ ಹತ್ತು ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡರು. ಜಾಹೀರಾತು ಒಪ್ಪಂದದಲ್ಲಿ ಆ ಮೊತ್ತ ಮುಟ್ಟಿದ ಮೊದಲ ಕ್ರೀಡಾಪಟು ಅವರೇ ಅನ್ನುತ್ತಾರೆ, ಒಬ್ಬ ಬೌಲರ್! ಎಎಂಎಫ್ ಕಡೆಯಿಂದ ಡಿಕ್ ವೆಬರ್ ಹೆಸರಿನ ಚೆಂಡು ಬಂತು. ಆದರೆ ಇಲ್ಲೊಂದು ಮಾತು. ಹೆಸರು ಇದ್ದ ಮಾತ್ರಕ್ಕೆ ದುಡ್ಡು ಬರೋದಿಲ್ಲ. ಇವು ಲೆಕ್ಕವಿಲ್ಲದಷ್ಟು ಮಾರಾಟವಾದವು, ಇವತ್ತಿಗೂ ಧಾರಾಳವಾಗಿ ಸಿಗುತ್ತವೆ. ತಾತನ ಮನೆಯಲ್ಲಿ ಸಿಕ್ಕ ಡಾನ್ ಕಾರ್ಟರ್ ಚೆಂಡು ಮಾರಿ ಕಾರು ಕೊಳ್ಳುವ ಯೋಚನೆ ಬಿಡಿ.

ಇನ್ನು ಆಡುವವರ ಲೋಕಕ್ಕೆ ಬರೋಣ. ಬೌಲಿಂಗ್ ಲೇನ್ ಮೇಲೆ ತೆಳುವಾಗಿ ಎಣ್ಣೆ ಹಚ್ಚಿರುತ್ತಾರೆ. ಮುಂಭಾಗದಲ್ಲಿ ಎಣ್ಣೆ ಇರುವುದರಿಂದ ಚೆಂಡು ಜಾರುತ್ತದೆ. ಕೊನೆಯ ಒಣ ಭಾಗಕ್ಕೆ ಬಂದಾಗ ನೆಲ ಹಿಡಿದು ತಿರುಗುತ್ತದೆ, ಪಿನ್‌ಗಳಿಗೆ ಓರೆಯಾಗಿ ನುಗ್ಗುತ್ತದೆ. ಇದಕ್ಕೆ ಹುಕ್ ಅನ್ನುತ್ತಾರೆ. ಓರೆಯಾಗಿ ನುಗ್ಗಿದರೆ ಹತ್ತೂ ಪಿನ್ ಬೀಳುವ ಸಾಧ್ಯತೆ ಜಾಸ್ತಿ. ಕಳೆದ ಐವತ್ತು ವರ್ಷ ಚೆಂಡು ಮಾಡುವವರು ಬೆನ್ನು ಹತ್ತಿದ್ದು ಇದೊಂದನ್ನೇ: ಇನ್ನೂ ಸ್ವಲ್ಪ ಜಾಸ್ತಿ ಹಿಡಿತ.

ಅದರಲ್ಲಿ 1973ರ ಕಥೆ ನನಗೆ ಬಹಳ ಇಷ್ಟ. ಆ ಹೊತ್ತಿಗೆ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್ ಚೆಂಡುಗಳು ಬಂದಿದ್ದವು. ಡಾನ್ ಮೆಕ್‌ಕ್ಯೂನ್ ಅನ್ನುವ ವೃತ್ತಿಪರ ಆಟಗಾರ ತನ್ನ ಚೆಂಡನ್ನು ಮೀಥೈಲ್ ಈಥೈಲ್ ಕೀಟೋನ್ ಅನ್ನುವ ದ್ರಾವಕದಲ್ಲಿ ನೆನೆಹಾಕಿದರು. ಪೇಂಟ್ ತೆಗೆಯಲು ಬಳಸುವಂಥ, ಮೂಗಿಗೆ ಹೊಡೆಯುವ, ಬೆಂಕಿ ತಾಗಿದರೆ ಧಗ್ಗನೆ ಹತ್ತುವ ರಾಸಾಯನಿಕ. ಅದರಲ್ಲಿ ನೆಂದರೆ ಚೆಂಡಿನ ಹೊರಪದರ ಮೆತ್ತಗಾಗುತ್ತದೆ, ಮೆತ್ತಗಿದ್ದಷ್ಟೂ ಲೇನ್ ಹಿಡಿಯುತ್ತದೆ. ಆ ವರ್ಷ ಅವರು ಆರು ಪ್ರಶಸ್ತಿ ಗೆದ್ದು ವರ್ಷದ ಆಟಗಾರ ಆದರು. ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಉಳಿದವರೂ ಬಕೆಟ್ ತಂದರು, ಟೂರ್ನಿಗೆ ಹೋದ ಊರಿನ ಹೋಟೆಲ್ ರೂಮುಗಳಲ್ಲೇ ಚೆಂಡು ನೆನೆಹಾಕಿದರು. ಯಾವ ಹೋಟೆಲ್ ಹೊತ್ತಿ ಉರಿದೀತೋ ಅನ್ನುವ ಭಯ ಶುರುವಾಯಿತು.

ನಿಯಮ ಮಾಡಲೇಬೇಕಾಯಿತು. ಡ್ಯೂರೋಮೀಟರ್ ಅನ್ನುವ ಅಂಗೈಯಗಲದ ಉಪಕರಣ ಇದೆ, ಮುಖದಲ್ಲಿ ಗಡಿಯಾರದಂಥ ಡಯಲ್, ಕೆಳಗೆ ಸಣ್ಣ ಸೂಜಿ. ಸೂಜಿಯನ್ನು ಚೆಂಡಿನ ಮೇಲೆ ಒತ್ತಿದರೆ ಎಷ್ಟು ಒಳಗೆ ಇಳಿಯಿತು ಅನ್ನುವುದರ ಮೇಲೆ ಸೊನ್ನೆಯಿಂದ ನೂರರವರೆಗೆ ಅಂಕಿ ತೋರಿಸುತ್ತದೆ. ಆಟದ ನಿಯಮ ನೋಡಿಕೊಳ್ಳುತ್ತಿದ್ದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ 72ಕ್ಕಿಂತ ಕಡಿಮೆ ಬರಬಾರದು ಅಂದಿತು. ಅಲ್ಲಿಗೆ ಒಂದು ಬಗೆಯ ಚೆಂಡು ಒಂದೇ ಏಟಿಗೆ ಅಧಿಕೃತ ಆಟದಿಂದ ಹೊರಬಿತ್ತು. ಸಂಗ್ರಹಕಾರರಿಗೆ ಬೇಕಾದ್ದೂ ಇಂಥದ್ದೇ ನೋಡಿ, ನಿಯಮದ ಗೆರೆ ಎಳೆಯುವ ಮುಂಚಿನ ಸರಕು.

ಕೊಲಂಬಿಯಾ 300 ಕಂಪನಿಯ ಯೆಲ್ಲೋ ಡಾಟ್ ಅದೇ ದಶಕದ ಚೆಂಡು. ಇದರಲ್ಲಿ ಕೆಲವು ಚೆಂಡುಗಳು ಸರಿಯಾಗಿ ಗಟ್ಟಿಯಾಗಿರಲಿಲ್ಲ, ಒಳಗಿನ ರಾಳ ನಿಧಾನಕ್ಕೆ ಒಸರಿ ಮೇಲ್ಮೈಗೆ ಬಂದು ಅಂಟಂಟಾಗುತ್ತಿತ್ತು. ಇವುಗಳನ್ನು ಬ್ಲೀಡರ್ ಅಂತಲೇ ಕರೆಯುತ್ತಾರೆ. ಕಾರ್ಖಾನೆಯ ಲೆಕ್ಕದಲ್ಲಿ ಇದು ದೋಷ. ಬೌಲರ್ ಲೆಕ್ಕದಲ್ಲಿ ವರ, ಯಾಕೆಂದರೆ ಅಂಟು ಅಂದರೆ ಹಿಡಿತ, ಬಕೆಟ್ಟೂ ಬೇಡ, ದ್ರಾವಕವೂ ಬೇಡ. ಅವತ್ತು ಆಟಗಾರರು ಅಂಗಡಿಗಳಲ್ಲಿ ಚೆಂಡು ಮುಟ್ಟಿ ಮುಟ್ಟಿ ಹುಡುಕಿದರು, ಇವತ್ತು ಸಂಗ್ರಹಕಾರರು ಹುಡುಕುತ್ತಾರೆ. ಒಂದೇ ಹೆಸರಿನ ಎರಡು ಚೆಂಡಿನಲ್ಲಿ ಒಂದಕ್ಕೆ ಬೆಲೆ ಬಂದು ಇನ್ನೊಂದಕ್ಕೆ ಬರದಿರುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

1980ರ ದಶಕದ ಆರಂಭದಲ್ಲಿ ಯುರೆಥೇನ್ ಬಂತು. ಎಎಂಎಫ್‌ನ ಆ್ಯಂಗಲ್, ಫಾಬಾಲ್ ಕಂಪನಿಯ ಹ್ಯಾಮರ್. ಇವು ನಿಯಮದೊಳಗೇ ಇದ್ದು ಪ್ಲಾಸ್ಟಿಕ್‌ಗಿಂತ ಚೆನ್ನಾಗಿ ತಿರುಗಿದವು. ಹಳೇ ಹ್ಯಾಮರ್‌ಗಳನ್ನು ಕೊಂಡು ಇವತ್ತಿಗೂ ಆಡುವವರಿದ್ದಾರೆ, ಆದ್ದರಿಂದ ಇವುಗಳ ಬೇಡಿಕೆ ಬರೀ ನೆನಪಿನ ಮೇಲೆ ನಿಂತಿಲ್ಲ.

ದೊಡ್ಡ ಬದಲಾವಣೆ 1990ರ ದಶಕದ ಆರಂಭದ್ದು. ನು-ಲೈನ್ ಎಕ್ಸ್-ಕ್ಯಾಲಿಬರ್ ಮೂಲಕ ರಿಯಾಕ್ಟಿವ್ ರೆಸಿನ್ ಬಂತು. ಇದರ ಹೊರಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವು ಲೇನ್ ಎಣ್ಣೆಯನ್ನು ಹೀರುತ್ತವೆ, ಚೆಂಡು ಒಣ ಭಾಗಕ್ಕೆ ಬಂದಾಗ ಗಕ್ಕನೆ ತಿರುಗುತ್ತದೆ. ಒಳಗಿನ ತಿರುಳನ್ನೂ ವಿಚಿತ್ರ ಆಕಾರಗಳಲ್ಲಿ ಮಾಡತೊಡಗಿದರು. ಪೂರ್ತಿ 300 ಅಂಕದ ಗೇಮ್‌ಗಳು ಮಳೆಯಂತೆ ಸುರಿದವು. ಕಂಪನಿಗಳಿಗೆ ಹಬ್ಬ. ವರ್ಷಕ್ಕೆ ಒಂದಲ್ಲ ಎರಡಲ್ಲ, ಸಾಲುಸಾಲಾಗಿ ಹೊಸ ಮಾಡೆಲ್‌ಗಳು, ಒಂದೊಂದರ ಆಯಸ್ಸೂ ಕೆಲವೇ ತಿಂಗಳು. ಚೆನ್ನಾಗಿ ಹೋಗುತ್ತಿದ್ದ ಚೆಂಡನ್ನೂ ನಿಲ್ಲಿಸಿ ಮುಂದಿನದನ್ನು ತರುತ್ತಿದ್ದರು. ಉತ್ಪಾದನೆ ಕಡಿಮೆ, ಆಯಸ್ಸು ಕಡಿಮೆ, ಬಂದದ್ದೆಲ್ಲ ಡ್ರಿಲ್ ಆಯಿತು.

ಮೇಲಾಗಿ ರಿಯಾಕ್ಟಿವ್ ಚೆಂಡು ನಿಜಕ್ಕೂ ಸಾಯುತ್ತದೆ. ಎಣ್ಣೆ ಹೀರಿ ಹೀರಿ ರಂಧ್ರ ಮುಚ್ಚಿಕೊಂಡು ತಿರುಗುವುದೇ ಕಡಿಮೆಯಾಗುತ್ತದೆ. ಬೌಲರ್‌ಗಳು ಬಿಸಿನೀರಿನಲ್ಲಿ ಅದ್ದಿ ಎಣ್ಣೆ ಬಿಡಿಸುತ್ತಾರೆ, ಮೇಲ್ಮೈ ಉಜ್ಜಿಸುತ್ತಾರೆ, ಸ್ವಲ್ಪ ಜೀವ ಬರುತ್ತದೆ, ಹೊಸದರಂತೆ ಆಗೋದಿಲ್ಲ. ಉಜ್ಜಿದಷ್ಟೂ ಕೆತ್ತಿದ ಲೋಗೋ ಸವೆಯುತ್ತದೆ. ಜೊತೆಗೆ ಬಿರುಕಿನ ಕಾಟ. ಹೊರಪದರ ಮತ್ತು ಒಳಗಿನ ತಿರುಳು ಬೇರೆಬೇರೆ ಪದಾರ್ಥ, ಬಿಸಿ-ಚಳಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿ, ಚಳಿಗಾಲದಲ್ಲಿ ಗ್ಯಾರೇಜು ಅಂತ ಇಟ್ಟ ಚೆಂಡು ಒಂದು ದಿನ ತಾನಾಗಿಯೇ ಸೀಳುತ್ತದೆ. ಡಬ್ಬ ತೆರೆಯದೇ ಇಟ್ಟಿದ್ದೂ ಸೀಳಬಹುದು! ಹಾಗಾಗಿ 1990ರ ದಶಕದ, ತೂತಿಲ್ಲದ, ಬಿರುಕಿಲ್ಲದ, ಎಣ್ಣೆ ಕಾಣದ ಚೆಂಡು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಲೇ ಹೋಗುತ್ತದೆ.

ಕೊಳ್ಳುವವರು ಯಾರು? ಆಗ ಇಪ್ಪತ್ತರ ಹರೆಯದಲ್ಲಿದ್ದು, ಅಂಗಡಿ ಗಾಜಿನಾಚೆ ಅದೇ ಚೆಂಡು ನೋಡಿ ದುಡ್ಡಿಲ್ಲದೆ ವಾಪಸ್ ಬಂದವರು ಈಗ ಐವತ್ತು ದಾಟಿದ್ದಾರೆ, ಕೈಯಲ್ಲಿ ದುಡ್ಡಿದೆ. ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಬೌಲಿಂಗ್ ಸಂಘಗಳಿಗೆ 90 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದರು, ಈಗ ಹತ್ತು ಲಕ್ಷದ ಆಸುಪಾಸು. ಆಟ ಕುಗ್ಗಿತು, ಆದರೆ ಅವತ್ತಿನ ಹುಚ್ಚು ಉಳಿದವರು ಇದ್ದಾರೆ. ಜಪಾನಿನಲ್ಲೂ ಅಷ್ಟೇ. ಅಲ್ಲಿ 1970ರಲ್ಲಿ ನಕಯಾಮಾ ರಿತ್ಸುಕೋ ಟಿವಿಯಲ್ಲಿ ಬಂದ ಪಂದ್ಯದಲ್ಲಿ ಪರ್ಫೆಕ್ಟ್ ಗೇಮ್, ಅಂದರೆ ಪೂರ್ತಿ 300 ಅಂಕದ ಗೇಮ್ ಆಡಿ ಮನೆಮಾತಾದರು, 1972ರ ಹೊತ್ತಿಗೆ ದೇಶದಲ್ಲಿ 3,600ಕ್ಕೂ ಹೆಚ್ಚು ಬೌಲಿಂಗ್ ಕೇಂದ್ರಗಳಿದ್ದವು. ಅಮೆರಿಕದ ಕಂಪನಿಗಳು ಜಪಾನ್, ಕೊರಿಯಾ ಮಾರುಕಟ್ಟೆಗೇ ಅಂತ ಬೇರೆ ಬಣ್ಣದಲ್ಲಿ ಕೆಲವೇ ಚೆಂಡು ಮಾಡುತ್ತವೆ. ಅವು ವಾಪಸ್ ಅಮೆರಿಕಕ್ಕೆ ಬರುವಾಗ ಬೆಲೆ ಏರಿಕೊಂಡೇ ಬರುತ್ತವೆ.

ಕಾರ್ಖಾನೆ ಮುಚ್ಚಿದರೂ ಬೆಲೆ ಬರುತ್ತದೆ. ಬ್ರನ್ಸ್‌ವಿಕ್ ತನ್ನ ಚೆಂಡು ತಯಾರಿಕೆಯನ್ನು ಮಿಷಿಗನ್‌ನ ಮಸ್ಕೀಗನ್‌ನಿಂದ ಮೆಕ್ಸಿಕೋಗೆ ಸಾಗಿಸಿತು. 2019ರಲ್ಲಿ ಅದೇ ಬ್ರನ್ಸ್‌ವಿಕ್ ಎಬೊನೈಟ್ ಕಂಪನಿಯನ್ನು ಕೊಂಡಿತು. ಹ್ಯಾಮರ್, ಕೊಲಂಬಿಯಾ 300, ಟ್ರ್ಯಾಕ್ ಹೆಸರುಗಳೂ ಅದರ ಜೊತೆಗೇ ಬಂದವು, ಕೆಂಟಕಿಯ ಹಾಪ್ಕಿನ್ಸ್‌ವಿಲ್‌ನಲ್ಲಿದ್ದ ಎಬೊನೈಟ್ ಕಾರ್ಖಾನೆ ಮುಚ್ಚಿತು. ಅಲ್ಲಿಂದ ಶುರು, "ಇದು ಹಾಪ್ಕಿನ್ಸ್‌ವಿಲ್ ಮಾಲಾ, ಆಮೇಲಿನದಾ?" ಅನ್ನುವ ಪ್ರಶ್ನೆ. ನನಗೆ ಕೇಳಿದರೆ ಇದರಲ್ಲಿ ಅರ್ಧ ಸತ್ಯ, ಅರ್ಧ ಭಾವನೆ. ಆದರೆ ಹರಾಜಿನಲ್ಲಿ ಭಾವನೆಗೂ ದುಡ್ಡಿದೆ.

ಕೈಗೆ ಒಂದು ಚೆಂಡು ಸಿಕ್ಕರೆ ನೋಡುವುದು ಹೇಗೆ? ಅಮೆರಿಕದಲ್ಲಿರುವ ನಮ್ಮವರು ಗ್ಯಾರೇಜ್ ಸೇಲ್‌ಗೆ ಹೋಗುತ್ತಲೇ ಇರುತ್ತಾರಲ್ಲ, ಅವರಿಗಾಗಿ ಹೇಳುತ್ತೇನೆ. ಮೊದಲು ಸೀರಿಯಲ್ ನಂಬರ್ ಹುಡುಕಿ, ಚೆಂಡಿನ ಮೈಮೇಲೆ ಸಣ್ಣಗೆ ಕೆತ್ತಿರುತ್ತಾರೆ. ಬಹಳ ಕಂಪನಿಗಳ ನಂಬರ್‌ನಲ್ಲೇ ತಯಾರಾದ ವರ್ಷ ಅಡಗಿರುತ್ತದೆ. ಇದು ಎಷ್ಟು ಮುಖ್ಯ ಅಂದರೆ, ಪರ್ಪಲ್ ಹ್ಯಾಮರ್ ಅನ್ನುವ ಯುರೆಥೇನ್ ಚೆಂಡಿನಲ್ಲಿ 2016 ಮತ್ತು 2017ರಲ್ಲಿ ತಯಾರಾದವು ಗಟ್ಟಿತನದ ಪರೀಕ್ಷೆಯಲ್ಲಿ ಸೋತವು ಅಂತ 2022ರಲ್ಲಿ ಅವುಗಳ ಮಾನ್ಯತೆ ರದ್ದು ಮಾಡಿದರು. ಅದೇ ಹೆಸರಿನ ಬೇರೆ ವರ್ಷದ ಚೆಂಡಿಗೆ ಆ ಆದೇಶ ತಟ್ಟಲಿಲ್ಲ. ನಂಬರ್ ನೋಡದೆ ಹೇಳಲು ಆಗದು. ಮೆಕ್‌ಕ್ಯೂನ್ ಬಕೆಟ್ಟಿನ ಜಗಳ ಐವತ್ತು ವರ್ಷ ಆದರೂ ಮುಗಿದಿಲ್ಲ ನೋಡಿ.

ಆಮೇಲೆ ಮೊಬೈಲ್ ಟಾರ್ಚ್ ಹಾಕಿ ಓರೆ ಬೆಳಕಿನಲ್ಲಿ ಚೆಂಡು ತಿರುಗಿಸಿ. ಕೂದಲೆಳೆಯಷ್ಟು ಬಿರುಕು ನೇರ ಬೆಳಕಿನಲ್ಲಿ ಕಾಣೋದಿಲ್ಲ, ಓರೆಯಲ್ಲಿ ಕಾಣುತ್ತದೆ. ತೂತುಗಳ ನಡುವಿನ ಸಣ್ಣ ಜಾಗ ಮೊದಲು ಸೀಳುವ ಜಾಗ, ಅಲ್ಲಿ ಉಗುರಾಡಿಸಿ. ಸುತ್ತಲಿನ ಬಣ್ಣಕ್ಕೆ ಹೊಂದದ ದುಂಡನೆ ತೇಪೆ ಕಂಡರೆ ಅದು ಪ್ಲಗ್. ಹೊಸ ಕಾಲದ ಚೆಂಡುಗಳಲ್ಲಿ ಬೇರೆ ಬಣ್ಣದ ಒಂದು ಪುಟ್ಟ ಚುಕ್ಕೆ ಇರುತ್ತದೆ, ಅದು ತೇಪೆಯಲ್ಲ. ಅದನ್ನು ಪಿನ್ ಅನ್ನುತ್ತಾರೆ, ಅಚ್ಚು ಹಾಕುವಾಗ ಒಳಗಿನ ತಿರುಳನ್ನು ಹಿಡಿದಿಟ್ಟ ಜಾಗದ ಗುರುತು. ಸ್ಟಾರ್ಮ್ ಕಂಪನಿ ಚೆಂಡಾದರೆ ಮೂಸಿಯೂ ನೋಡಿ, ಸುಮ್ನೆ ತಮಾಷೆಗೆ ಹೇಳುತ್ತಿಲ್ಲ, ಅವರು ಚೆಂಡಿಗೆ ಸುವಾಸನೆ ಬೆರೆಸುತ್ತಾರೆ.

ಚೆನ್ನಾಗಿ ಕಾಣಲಿ ಅಂತ ಪಾಲಿಶ್ ಮಾಡಿಸಲು ಓಡಬೇಡಿ. ಕಾರ್ಖಾನೆಯಿಂದ ಬಂದ ಮೇಲ್ಮೈ ಹಾಗೇ ಇದ್ದರೆ ಅದಕ್ಕೇ ಬೆಲೆ. ಬಿಸಿಲು ಬೀಳದ, ಸೆಕೆ-ಚಳಿ ಏರುಪೇರಾಗದ ಕಪಾಟಿನಲ್ಲಿ ಇಡಿ, ಆಗಾಗ ಸ್ವಲ್ಪ ಉರುಳಿಸಿ ಮಗ್ಗುಲು ಬದಲಿಸಿ.

ಇನ್ನು ಬೆಂಗಳೂರಿಗೆ ತರಿಸಿ ಸಂಗ್ರಹ ಶುರು ಮಾಡುವ ಆಸೆ ಇದ್ದವರಿಗೆ: ಒಂದು 16 ಪೌಂಡ್ ಚೆಂಡು ಏಳೂಕಾಲು ಕೆಜಿ. ವಿಮಾನದ ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿದರೆ ಚೆಂಡಿಗಿಂತ ಅದರ ದಾರಿಖರ್ಚೇ ಜಾಸ್ತಿ ಆದರೂ ಆಯಿತು. ಈ ತೂಕದಿಂದಲೇ ಹಳೇ ಚೆಂಡಿನ ವ್ಯಾಪಾರ ಇವತ್ತಿಗೂ ಬಹಳಷ್ಟು ಊರೊಳಗಿನ ಕೈಬದಲು. ನೂರು ಚೆಂಡು ಇಟ್ಟುಕೊಂಡವರ ಮನೆಯಲ್ಲಿ ಏಳುನೂರು ಕೆಜಿ ಸರಕು ಇರುತ್ತದೆ. ಅವರು ಅವನ್ನು ಅಟ್ಟದ ಮೇಲಲ್ಲ, ನೆಲಮಾಳಿಗೆಯ ಕಾಂಕ್ರೀಟ್ ಮೇಲೆ ಇಡುತ್ತಾರೆ.